ಗಾಳಿಯನ್ನು ಭಟ್ಟಿ ಇಳಿಸಿದ ಟ್ರಾವರ್ಸ್

ಭಟ್ಟಿ ಇಳಿಸುವುದೆಂಬ ಮಾತು ತರಗತಿಯಲ್ಲಿ ಬಂದರೆ ಹಿಂದಿನ ಬೆಂಚುಗಳಲ್ಲಿ ಸಣ್ಣದೊಂದು ನಗೆ ಹರಡುವುದುಂಟು. ಅದು ನಮ್ಮ ಹುಡುಗರ ತಪ್ಪಲ್ಲ. ಈ ವಿದ್ಯೆ ನಮ್ಮ ಜನರಿಗೆ ಪರಿಚಯವಾದದ್ದು ಸಾರಾಯಿಯ ಮೂಲಕ, ಕಳ್ಳಭಟ್ಟಿಯ ಮೂಲಕ. ೨೦೦೭ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದ ಮೇಲೂ ಆ ಮಾತಿಗೆ ಅಂಟಿದ ವಾಸನೆ ಹೋಗಿಲ್ಲ. ಆದರೆ ಇದೇ ವಿದ್ಯೆಯನ್ನು ಹಿಡಿದು, ನಾವು ನೀವು ಉಸಿರಾಡುವ ಈ ಗಾಳಿಯಿಂದ, ಅದುವರೆಗೆ ಯಾರೂ ಕಾಣದಿದ್ದ ಮೂರು ಮೂಲವಸ್ತುಗಳನ್ನು ಹೊರತೆಗೆದವರು ಇಬ್ಬರು. ಅವರಲ್ಲಿ ಹಿರಿಯರು ಸರ್ ವಿಲಿಯಂ ರಾಮ್ಸೆ. ಅವರ ಹೆಸರು ರಸಾಯನಶಾಸ್ತ್ರದ ಪುಸ್ತಕ ತೆರೆದವರಿಗೆಲ್ಲ ಗೊತ್ತು. ಕಿರಿಯರು ಮಾರಿಸ್ ವಿಲಿಯಂ ಟ್ರಾವರ್ಸ್. ಶಿವಾಜಿನಗರದಿಂದ ಯಶವಂತಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕೂಗುವ ನಿಲ್ದಾಣವೊಂದುಂಟಷ್ಟೆ. ಆ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲನೆಯ ನಿರ್ದೇಶಕರು ಈ ಟ್ರಾವರ್ಸ್. ಬೆಂಗಳೂರಿನವರಾದ ನಾವು ಅವರ ವಿಚಾರವನ್ನು ಸ್ವಲ್ಪವಾದರೂ ತಿಳಿದಿರುವುದು ನ್ಯಾಯ.

ಅವರ ಜೀವನವನ್ನು ಹೇಳುವ ಮೊದಲು ಅವರ ವಿದ್ಯೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕು. ಕಲಾ ವಿಭಾಗದ ಮಿತ್ರರು ಇದಕ್ಕಾಗಿ ಪ್ರಯೋಗಶಾಲೆಗೆ ಬರಬೇಕಾಗಿಲ್ಲ. ಮನೆಯ ಒಲೆಯ ಬಳಿ ನಿಂತರೆ ಸಾಕು. ಸಾರು ಕುದಿಯುವಾಗ ಪಾತ್ರೆಯ ಮುಚ್ಚಳವನ್ನು ತೆಗೆದು ನೋಡಿದರೆ ಅದರ ಒಳಮೈಯಲ್ಲಿ ನೀರಿನ ಹನಿಗಳು ಕಾಣುತ್ತವೆ. ಆ ಹನಿಯನ್ನು ನಾಲಗೆಗೆ ತಾಗಿಸಿದರೆ ಉಪ್ಪಿಲ್ಲ, ಹುಳಿಯಿಲ್ಲ. ನೀರು ಆವಿಯಾಗಿ ಮೇಲಕ್ಕೆ ಹೋಯಿತು, ಮುಚ್ಚಳದ ತಂಪಿಗೆ ತಾಗಿ ಮತ್ತೆ ನೀರಾಯಿತು. ಆವಿಯಾಗಲಾರದ ಉಪ್ಪು ತಳದಲ್ಲಿಯೇ ಉಳಿಯಿತು. ಕಾಯಿಸುವುದು, ಆವಿಯನ್ನು ಬೇರೆ ಕಡೆಗೆ ಒಯ್ಯುವುದು, ತಣಿಸುವುದು, ಹಿಡಿಯುವುದು: ಭಟ್ಟಿ ಇಳಿಸುವುದೆಂದರೆ ಇಷ್ಟೆ.

ಎರಡು ದ್ರವಗಳು ಬೆರೆತಿದ್ದಾಗ ಕೆಲಸ ಸ್ವಲ್ಪ ಕಠಿಣವಾಗುತ್ತದೆ. ನೀರು ೧೦೦ ಡಿಗ್ರಿಯಲ್ಲಿ ಕುದಿಯುತ್ತದೆ, ಮದ್ಯಸಾರ ಸುಮಾರು ೭೮ ಡಿಗ್ರಿಯಲ್ಲಿ. ಎರಡೂ ಬೆರೆತ ದ್ರವವನ್ನು ಕಾಯಿಸಿದರೆ ಮದ್ಯಸಾರವೆಲ್ಲ ಮೊದಲು ಹೋಗಿ ನೀರೆಲ್ಲ ಹಿಂದೆ ಉಳಿಯುತ್ತದೆಂದು ತಿಳಿಯಬಾರದು. ಆವಿಯಲ್ಲಿ ಎರಡೂ ಇರುತ್ತವೆ. ಬೇಗ ಕುದಿಯುವುದರ ಪಾಲು ಹೆಚ್ಚಾಗಿರುತ್ತದೆ, ಅಷ್ಟೆ. ಆದ್ದರಿಂದ ಮೊದಲು ಇಳಿದದ್ದನ್ನು ಬೇರೆ ಹಿಡಿದು ಮತ್ತೆ ಕಾಯಿಸಬೇಕು. ಅದರಲ್ಲಿ ಮೊದಲು ಇಳಿದದ್ದನ್ನು ಮತ್ತೆ ಕಾಯಿಸಬೇಕು. ಹೀಗೆ ಭಾಗಭಾಗವಾಗಿ ಮಾಡುವ ಕ್ರಮಕ್ಕೆ ಆಂಶಿಕ ಆಸವನವೆಂದು ಹೆಸರು. ಇದರಲ್ಲಿ ಮೊದಲು ಬಂದದ್ದು, ನಡುವೆ ಬಂದದ್ದು, ತಳದಲ್ಲಿ ಉಳಿದದ್ದು ಎಂದು ಮೂರು ಪಾಲುಗಳಿರುತ್ತವೆ. ಸಾರಾಯಿ ಕಾಯಿಸುವವನು ತನಗೆ ಬೇಕಾದ ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲುತ್ತಾನೆ. ಟ್ರಾವರ್ಸ್ ಚೆಲ್ಲಲಿಲ್ಲ. ಅವರ ಕೀರ್ತಿಯೆಲ್ಲ ಇದರ ಮೇಲೆಯೇ ನಿಂತಿದೆ.

ಮಾರಿಸ್ ಟ್ರಾವರ್ಸ್ ೧೮೭೨ರ ಜನವರಿ ೨೪ರಂದು ಲಂಡನ್ನಿನಲ್ಲಿ ಹುಟ್ಟಿದರು. ತಂದೆ ವೈದ್ಯರು. ಹುಡುಗನಿಗೆ ರಸಾಯನಶಾಸ್ತ್ರದಲ್ಲಿ ಒಲವು ಮೂಡಿದ್ದರಿಂದ, ಒಳ್ಳೆಯ ಪ್ರಯೋಗಶಾಲೆಯಿದ್ದ ಟಿವರ್ಟನ್ ಊರಿನ ಬ್ಲಂಡೆಲ್ಸ್ ಶಾಲೆಗೆ ಅವನನ್ನು ಸೇರಿಸಿದರು. ೧೮೮೯ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ ೧೮೯೩ರಲ್ಲಿ ಪದವಿ ಪಡೆದರು. ಕೆಲವು ಕಾಲ ಫ್ರಾನ್ಸಿನ ನಾನ್ಸಿ ಎಂಬ ಊರಿನಲ್ಲಿ ವ್ಯಾಸಂಗ ಮಾಡಿ, ೧೮೯೪ರಲ್ಲಿ ತಮ್ಮ ಕಾಲೇಜಿಗೇ ಹಿಂತಿರುಗಿ ಪ್ರೊಫೆಸರ್ ರಾಮ್ಸೆಯವರ ಕೈಕೆಳಗೆ ಡೆಮಾನ್‌ಸ್ಟ್ರೇಟರಾಗಿ ನಿಂತರು.

ಅವರು ಬಂದ ಗಳಿಗೆ ಬಹಳ ಒಳ್ಳೆಯದಾಗಿತ್ತು. ಗಾಳಿಯೆಂದರೆ ಸಾರಜನಕ ಮತ್ತು ಆಮ್ಲಜನಕ, ಜೊತೆಗೆ ಒಂದಿಷ್ಟು ಇಂಗಾಲಾಮ್ಲವಾಯು ಮತ್ತು ನೀರಾವಿ ಎಂದು ಒಂದು ಶತಮಾನದಿಂದ ಎಲ್ಲರೂ ನಂಬಿದ್ದರು. ಲಾರ್ಡ್ ರ‍್ಯಾಲೆಯವರು ತೂಕ ಮಾಡಿ ನೋಡಿದಾಗ, ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕ ಪದಾರ್ಥಗಳಿಂದ ತಯಾರಿಸಿದ ಸಾರಜನಕಕ್ಕಿಂತ ನೂರಕ್ಕೆ ಅರ್ಧ ಪಾಲಿನಷ್ಟು ಹೆಚ್ಚು ತೂಗಿತು. ಇಷ್ಟು ಸಣ್ಣ ವ್ಯತ್ಯಾಸವನ್ನು ಬೇರೆಯವರಾದರೆ ತಕ್ಕಡಿಯ ದೋಷವೆಂದು ಬಿಟ್ಟುಬಿಡುತ್ತಿದ್ದರು. ರ‍್ಯಾಲೆಯವರೂ ರಾಮ್ಸೆಯವರೂ ಬಿಡಲಿಲ್ಲ. ೧೮೯೪ರಲ್ಲಿ ಆ ಹೆಚ್ಚಿನ ತೂಕಕ್ಕೆ ಕಾರಣವಾದ ಹೊಸ ವಾಯುವನ್ನು ಕಂಡುಹಿಡಿದರು. ಯಾವುದರೊಡನೆಯೂ ಸೇರದ ಆ ಸೋಮಾರಿ ವಾಯುವಿಗೆ ಗ್ರೀಕ್ ಭಾಷೆಯಿಂದ ಆರ್ಗಾನ್ ಎಂದು ಹೆಸರಿಟ್ಟರು. ಮರುವರ್ಷವೇ ರಾಮ್ಸೆಯವರು ಒಂದು ಖನಿಜದಿಂದ ಹೀಲಿಯಂ ವಾಯುವನ್ನು ಹೊರತೆಗೆದರು. ಅದುವರೆಗೆ ಹೀಲಿಯಂ ಸೂರ್ಯನ ರೋಹಿತದಲ್ಲಿ ಮಾತ್ರ ಗುರುತು ಸಿಕ್ಕಿದ್ದ ವಸ್ತು.

ಹೀಲಿಯಮ್ಮಿನ ಪರಮಾಣು ತೂಕ ೪, ಆರ್ಗಾನಿನದು ೪೦. ಮೂಲವಸ್ತುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ಜೋಡಿಸಿದಾಗ ಇವೆರಡರ ನಡುವೆ ಸುಮಾರು ೨೦ ತೂಕದ ಒಂದು ಸ್ಥಳ ಖಾಲಿ ಉಳಿಯಿತು. ಅಲ್ಲಿ ಯಾವುದೋ ವಾಯು ಇರಲೇಬೇಕೆಂದು ರಾಮ್ಸೆಯವರು ೧೮೯೭ರಲ್ಲಿ ಬಹಿರಂಗವಾಗಿ ಸಾರಿದರು. ಸಾರಿದ್ದಾಯಿತು, ಹುಡುಕುವುದೆಲ್ಲಿ? ಗುರುಶಿಷ್ಯರು ಸಿಕ್ಕಿದ ಖನಿಜಗಳನ್ನೆಲ್ಲ ಕಾಯಿಸಿದರು. ಆಕಾಶದಿಂದ ಬಿದ್ದ ಉಲ್ಕೆಯ ಕಲ್ಲುಗಳನ್ನೂ ಬಿಡಲಿಲ್ಲ. ಹೊಸದೇನೂ ದೊರೆಯಲಿಲ್ಲ. ಕೊನೆಗೆ, ಗಾಳಿಯಲ್ಲಿ ಸಿಕ್ಕಿದ್ದರ ಬಂಧುಗಳನ್ನು ಗಾಳಿಯಲ್ಲಿಯೇ ಹುಡುಕಬೇಕೆಂದು ನಿಶ್ಚಯಿಸಿದರು.

ಗಾಳಿಯನ್ನು ಭಟ್ಟಿ ಇಳಿಸಬೇಕಾದರೆ ಮೊದಲು ಅದು ದ್ರವವಾಗಬೇಕು. ಆ ಕೆಲಸಕ್ಕೆ ಯಂತ್ರವನ್ನು ಮಾಡಿದವರು ವಿಲಿಯಂ ಹ್ಯಾಂಪ್ಸನ್. ಅವರು ಕಾನೂನು ಓದಿ, ಯಂತ್ರವಿದ್ಯೆಯನ್ನು ತಾವಾಗಿಯೇ ಕಲಿತವರು ಎಂಬುದು ಕಲಾ ಕಾಲೇಜಿನವರಾದ ನಮಗೆ ಸಂತೋಷದ ವಿಷಯ. ಬಲವಾಗಿ ಅದುಮಿದ ಗಾಳಿಯನ್ನು ಸಣ್ಣ ಕಿಂಡಿಯಿಂದ ಹೊರಬಿಟ್ಟರೆ ಅದು ತಣ್ಣಗಾಗುತ್ತದೆ. ಆ ತಣ್ಣನೆಯ ಗಾಳಿಯನ್ನು ಹಿಂದೆ ಬರುವ ಗಾಳಿಯ ಕೊಳವೆಯ ಸುತ್ತ ಹಾಯಿಸಿದರೆ ಅದೂ ತಣಿದು, ಹೊರಬಂದಾಗ ಇನ್ನಷ್ಟು ತಣ್ಣಗಾಗುತ್ತದೆ. ಹೀಗೆ ಸುತ್ತಿ ಸುತ್ತಿ ತಣಿಸಿದರೆ ಕೊನೆಗೆ ಗಾಳಿ ನೀರಿನಂತೆ ತೊಟ್ಟಿಕ್ಕುತ್ತದೆ. ಈ ದ್ರವದಲ್ಲಿ ಸಾರಜನಕವು ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ ಕುದಿಯುತ್ತದೆ, ಆರ್ಗಾನ್ ೧೮೬ ಡಿಗ್ರಿ ಕೆಳಗೆ, ಆಮ್ಲಜನಕ ೧೮೩ ಡಿಗ್ರಿ ಕೆಳಗೆ. ಒಲೆ ಬೇಕಾಗಿಲ್ಲ, ಕೋಣೆಯ ಸಾಧಾರಣ ಬಿಸಿಯೇ ಅದಕ್ಕೆ ದೊಡ್ಡ ಉರಿ.

೧೮೯೮ರ ಮೇ ತಿಂಗಳ ಕೊನೆಯಲ್ಲಿ ಹ್ಯಾಂಪ್ಸನ್ನರು ಕೊಟ್ಟ ದ್ರವವಾಯುವಿನಲ್ಲಿ ೭೫೦ ಘನ ಸೆಂಟಿಮೀಟರಿನಷ್ಟನ್ನು ತೆಗೆದುಕೊಂಡು ನಿಧಾನವಾಗಿ ಆವಿಯಾಗಲು ಬಿಟ್ಟರು. ಕೊನೆಗೆ ತಳದಲ್ಲಿ ಸುಮಾರು ೧೦ ಘನ ಸೆಂಟಿಮೀಟರು ಮಾತ್ರ ಉಳಿಯಿತು. ಅವರು ಹುಡುಕುತ್ತಿದ್ದದ್ದು ಆರ್ಗಾನಿಗಿಂತ ಹಗುರವಾದ ವಾಯು. ಅದು ಇರುವುದಾದರೆ ಮೊದಲು ಹಾರಿಹೋಗುವ ಪಾಲಿನಲ್ಲಿ ಇರಬೇಕೇ ಹೊರತು ತಳದಲ್ಲಿ ಅಲ್ಲ. ಆದರೂ ತಳದಲ್ಲಿ ಉಳಿದದ್ದನ್ನು ಚೆಲ್ಲದೆ, ಅದರಿಂದ ಆಮ್ಲಜನಕವನ್ನೂ ಸಾರಜನಕವನ್ನೂ ತೆಗೆದುಹಾಕಿ, ಮಿಕ್ಕ ವಾಯುವನ್ನು ಗಾಜಿನ ಕೊಳವೆಯಲ್ಲಿ ತುಂಬಿ ವಿದ್ಯುತ್ ಹರಿಸಿ ರೋಹಿತವನ್ನು ನೋಡಿದರು. ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಆದ ಬಣ್ಣದ ಗೆರೆಗಳಿರುತ್ತವೆ. ಒಂದರ ಗೆರೆ ಇನ್ನೊಂದಕ್ಕಿರುವುದಿಲ್ಲ. ಇಲ್ಲಿ ಪ್ರಕಾಶಮಾನವಾದ ಒಂದು ಹಳದಿ ಗೆರೆ, ಒಂದು ಹಸುರು ಗೆರೆ ಕಂಡವು. ಅವು ಯಾವ ಪಟ್ಟಿಯಲ್ಲಿಯೂ ಇಲ್ಲದ ಗೆರೆಗಳು. ಹುಡುಕಿದ್ದು ಹಗುರವಾದದ್ದನ್ನು, ಸಿಕ್ಕಿದ್ದು ಭಾರವಾದದ್ದು! ಅಡಗಿದ್ದದ್ದು ಎಂಬ ಅರ್ಥದಲ್ಲಿ ಅದಕ್ಕೆ ಕ್ರಿಪ್ಟಾನ್ ಎಂದು ಹೆಸರಿಟ್ಟರು.

ವಿದ್ಯಾರ್ಥಿಗಳಾದವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಟ್ರಾವರ್ಸರಿಗೆ ಆಗ ೨೬ ವರ್ಷ. ಅವರ ಡಿ.ಎಸ್‌ಸಿ. ಪದವಿಯ ಪರೀಕ್ಷೆ ಅದೇ ದಿನಗಳಲ್ಲಿ ಗೊತ್ತಾಗಿತ್ತು. ಹೊಸ ವಾಯುವಿನ ಸಾಂದ್ರತೆಯನ್ನು ಅಳೆಯುತ್ತ ಗುರುಶಿಷ್ಯರಿಬ್ಬರೂ ರಾತ್ರಿ ಬಹಳ ಹೊತ್ತು ಪ್ರಯೋಗಶಾಲೆಯಲ್ಲಿ ಕುಳಿತುಬಿಟ್ಟರು. ಬೆಳಗಾದರೆ ಪರೀಕ್ಷೆಯೆಂಬುದು ಇಬ್ಬರಿಗೂ ಹೆಚ್ಚುಕಡಮೆ ಮರೆತೇ ಹೋಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪುಸ್ತಕ ತೆರೆಯುವವರಿಗೂ ಪರೀಕ್ಷೆಯನ್ನೇ ಮರೆಸುವಷ್ಟು ಕೆಲಸದಲ್ಲಿ ಮುಳುಗಿದವರಿಗೂ ಇರುವ ಅಂತರ ದೊಡ್ಡದು.

ಮುಂದಿನ ತಿಂಗಳು ಅವರು ಮೊದಲು ಬರುವ ಪಾಲಿನ ಕಡೆಗೆ ತಿರುಗಿದರು. ಹಲವು ಲೀಟರುಗಳಷ್ಟು ಆರ್ಗಾನನ್ನು ಶೇಖರಿಸಿ, ಅದನ್ನು ದ್ರವ ಮಾಡಿ, ಎಲ್ಲಕ್ಕಿಂತ ಮೊದಲು ಹೊರಟ ವಾಯುವನ್ನು ಬೇರೆ ಹಿಡಿದರು. ಕೊಳವೆಗೆ ವಿದ್ಯುತ್ ಹಾಯಿಸಿದೊಡನೆ ಇಡೀ ಕೊಳವೆ ಕೆಂಡದಂತೆ ಕೆಂಪಗೆ ಹೊಳೆಯಿತು. ಯಾವ ಯಂತ್ರದ ನೆರವೂ ಇಲ್ಲದೆ ಬರಿಗಣ್ಣಿಗೇ ಅದು ಹೊಸದೆಂದು ತಿಳಿಯುವಂತಿತ್ತು. ರಾಮ್ಸೆಯವರ ಹದಿಮೂರು ವರ್ಷದ ಮಗ ಇದಕ್ಕೆ ಹೊಸದು ಎಂಬ ಅರ್ಥದ ಲ್ಯಾಟಿನ್ ಹೆಸರೊಂದನ್ನು ಸೂಚಿಸಿದನು. ತಂದೆ ಅದನ್ನೇ ಗ್ರೀಕ್ ಭಾಷೆಗೆ ತಿರುಗಿಸಿ ನಿಯಾನ್ ಎಂದು ಕರೆದರು. ಖಾಲಿಯಿದ್ದ ಇಪ್ಪತ್ತರ ಸ್ಥಳ ತುಂಬಿತು.

ಮೂರನೆಯದು ಇನ್ನೂ ಆಳದಲ್ಲಿತ್ತು. ಕ್ರಿಪ್ಟಾನನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧಮಾಡುತ್ತಿದ್ದಾಗ, ಜುಲೈ ತಿಂಗಳ ಒಂದು ದಿನ ಕೆಲಸ ಮುಗಿದ ಮೇಲೆ ಪಂಪಿನಲ್ಲಿ ಒಂದು ಗುಳ್ಳೆಯಷ್ಟು ವಾಯು ಉಳಿದಿತ್ತು. ಇಂಗಾಲಾಮ್ಲವಾಯುವಿನ ಕೊಳೆಯಿರಬಹುದೆಂದು ಅದನ್ನು ಊದಿ ಹೊರಹಾಕಬಹುದಾಗಿತ್ತು. ಟ್ರಾವರ್ಸ್ ಅದನ್ನೂ ಹಿಡಿದಿಟ್ಟು, ಇಂಗಾಲಾಮ್ಲವಾಯುವನ್ನು ಕ್ಷಾರದಿಂದ ತೊಳೆದು ತೆಗೆದು, ಮಿಕ್ಕ ಎಳ್ಳಿನಷ್ಟನ್ನು ಕೊಳವೆಗೆ ತುಂಬಿದರು. ಚೆಲುವಾದ ನೀಲಿ ಬೆಳಕು ಹೊಮ್ಮಿತು. ಅಪರಿಚಿತನೆಂಬ ಅರ್ಥದಲ್ಲಿ ಅದಕ್ಕೆ ಕ್ಸೆನಾನ್ ಎಂದು ಹೆಸರಾಯಿತು. ಗಾಳಿಯ ಒಂದು ಕೋಟಿ ಪಾಲಿನಲ್ಲಿ ಅದು ಒಂದು ಪಾಲಿಗೂ ಸ್ವಲ್ಪ ಕಡಿಮೆ. ಹೀಗೆ ಒಂದೇ ಬೇಸಗೆಯಲ್ಲಿ, ಎಂಟು ವಾರಗಳೊಳಗೆ, ಜಗತ್ತಿಗೆ ಮೂರು ಹೊಸ ಮೂಲವಸ್ತುಗಳು ದೊರೆತವು.

ಅನಂತರ ಟ್ರಾವರ್ಸ್ ಜಲಜನಕವನ್ನು ದ್ರವಮಾಡುವ ಯಂತ್ರವನ್ನು ತಾವೇ ಕಟ್ಟಿದರು. ನಿಯಾನ್ ಜೊತೆಗೆ ಹೀಲಿಯಂ ಬೆರೆತಿದ್ದು, ದ್ರವವಾಯುವಿನ ಚಳಿಗೆ ಅವೆರಡೂ ಬಗ್ಗುತ್ತಿರಲಿಲ್ಲ. ದ್ರವಜಲಜನಕದ ಚಳಿ ಸೊನ್ನೆಗಿಂತ ೨೫೩ ಡಿಗ್ರಿ ಕೆಳಗೆ. ಅದರಲ್ಲಿ ನಿಯಾನ್ ಗಟ್ಟಿಯಾಗಿ ನಿಂತಿತು, ಹೀಲಿಯಂ ವಾಯುವಾಗಿಯೇ ಹೊರಬಂದಿತು. ೧೯೦೪ರಲ್ಲಿ ಟ್ರಾವರ್ಸ್ ಬ್ರಿಸ್ಟಲ್ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರರಾದರು, ರಾಯಲ್ ಸೊಸೈಟಿಯ ಸದಸ್ಯರೂ ಆದರು. ಅದೇ ವರ್ಷ ರಾಮ್ಸೆಯವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನವೂ ರ‍್ಯಾಲೆಯವರಿಗೆ ಭೌತಶಾಸ್ತ್ರದ ನೊಬೆಲ್ ಬಹುಮಾನವೂ ದೊರೆತವು. ಟ್ರಾವರ್ಸರಿಗೆ ಅದರಲ್ಲಿ ಪಾಲು ಬರಲಿಲ್ಲ.

ಅವರು ಬೆಂಗಳೂರಿಗೆ ಬಂದ ಬಗೆಯನ್ನು ಇನ್ನು ಹೇಳಬೇಕು. ಮುಂಬಯಿಯ ಜಮ್‌ಶೇಟ್‌ಜಿ ಟಾಟಾ ಅವರು ಭಾರತದಲ್ಲಿ ಒಂದು ಉನ್ನತ ವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಬೇಕೆಂದು ಸಂಕಲ್ಪಿಸಿದ್ದರು. ಅದಕ್ಕೆ ತಕ್ಕ ಸ್ಥಳವನ್ನು ನೋಡಿ ಹೇಳಲು ೧೯೦೦ನೆಯ ಇಸವಿಯ ಕೊನೆಯಲ್ಲಿ ರಾಮ್ಸೆಯವರೇ ಇಲ್ಲಿಗೆ ಬಂದು ದೇಶವನ್ನೆಲ್ಲ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಟಾಟಾ ಅವರು ತಮ್ಮ ಕನಸು ಕೈಗೂಡುವುದನ್ನು ನೋಡದೆ ೧೯೦೪ರಲ್ಲಿ ತೀರಿಕೊಂಡರು. ೧೯೦೬ರ ಕೊನೆಯಲ್ಲಿ ಟ್ರಾವರ್ಸ್ ನಿರ್ದೇಶಕರಾಗಿ ನೇಮಕಗೊಂಡು ಬಂದರು. ೩೪ ವರ್ಷದ ಆ ನಿರ್ದೇಶಕರಿಗೆ ಕಟ್ಟಡವಿರಲಿಲ್ಲ, ಅಧ್ಯಾಪಕರಿರಲಿಲ್ಲ, ವಿದ್ಯಾರ್ಥಿಗಳಿರಲಿಲ್ಲ.

ಆಗ ಬೆಂಗಳೂರು ಎಂದರೆ ಎರಡು ಊರು. ಪೇಟೆಯ ಕಡೆ ಮೈಸೂರು ಮಹಾರಾಜರ ಆಡಳಿತ. ಹಲಸೂರು, ಈಗ ಶಿವಾಜಿನಗರವೆನಿಸಿರುವ ಬ್ಲ್ಯಾಕ್‌ಪಲ್ಲಿ ಮೊದಲಾದವು ಸೇರಿದ ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟರ ಆಡಳಿತ. ಇವೆರಡೂ ಒಂದೇ ನಗರಸಭೆಗೆ ಸೇರಿದ್ದು ೧೯೪೯ರಲ್ಲಿ. ಸಂಸ್ಥೆಗೆ ಮೈಸೂರು ಸಂಸ್ಥಾನವು ೧೯೦೭ರಲ್ಲಿ ೩೭೧ ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಆಸ್ತಿ ಟಾಟಾ ಮನೆತನದ್ದು, ವರ್ಷವರ್ಷದ ನೆರವು ಭಾರತ ಸರ್ಕಾರದ್ದು. ಮೂವರ ಹಣ ಬಂದಲ್ಲಿ ಮೂವರ ಮಾತೂ ಬರುವುದು ಸಹಜ. ಬೆರೆತದ್ದನ್ನು ಬೇರೆ ಮಾಡುವುದರಲ್ಲಿ ನಿಪುಣರಾದ ಟ್ರಾವರ್ಸರಿಗೆ ಇಲ್ಲಿ ಬೇರೆ ಬೇರೆಯಾದವರನ್ನು ಬೆರೆಸುವ ಕೆಲಸ ಬಿತ್ತು.

೧೯೦೯ರ ಮೇ ೨೭ರಂದು ಸರ್ಕಾರದ ಆಜ್ಞೆಯ ಮೂಲಕ ಸಂಸ್ಥೆ ಕಾಯಿದೆಬದ್ಧವಾಗಿ ಹುಟ್ಟಿತು. ೧೯೧೧ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ಕಟ್ಟಡಕ್ಕೆ ಅಸ್ತಿಭಾರವನ್ನಿಟ್ಟರು. ಅದೇ ವರ್ಷ ಜುಲೈಯಲ್ಲಿ ಮೊದಲನೆಯ ವಿದ್ಯಾರ್ಥಿಗಳು ಸೇರಿದರು. ರಸಾಯನಶಾಸ್ತ್ರ ಮತ್ತು ವಿದ್ಯುತ್ ಶಾಸ್ತ್ರಗಳಿಂದ ಪಾಠ ಪ್ರಾರಂಭವಾಯಿತು. ನಾಲ್ಕೂವರೆ ವರ್ಷ ಒಬ್ಬ ಶ್ರೇಷ್ಠ ಪ್ರಯೋಗಕಾರನು ನಕ್ಷೆ, ಕಲ್ಲು, ಕೊಳವೆ, ಕಾಗದಪತ್ರಗಳ ನಡುವೆ ಕಳೆದನೆಂದರೆ ಅವನು ಬಿಟ್ಟುಕೊಟ್ಟದ್ದು ಎಷ್ಟೆಂಬುದನ್ನು ನಾವು ಊಹಿಸಬಹುದು.

ಆದರೆ ಆಡಳಿತ ಮಂಡಳಿಗೂ ಅವರಿಗೂ ಹೊಂದಿಕೆಯಾಗಲಿಲ್ಲ. ಮನಸ್ತಾಪ ಬೆಳೆದು ೧೯೧೪ರಲ್ಲಿ ಅವರು ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಹಿಂತಿರುಗಿದರು. ತಾವು ನೆಟ್ಟ ಗಿಡ ನೆರಳು ಕೊಡುವ ಮೊದಲೇ ಅದನ್ನು ಬಿಟ್ಟು ಹೋಗಬೇಕಾಯಿತು.

ಗಿಡ ಮಾತ್ರ ಒಣಗಲಿಲ್ಲ. ಅದೇ ವರ್ಷ ಮಹಾಯುದ್ಧ ಪ್ರಾರಂಭವಾಗಿ, ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತುಹೋಯಿತು. ಎಣ್ಣೆಯನ್ನು ಇಲ್ಲಿಯೇ ತೆಗೆಯುವುದು ಹೇಗೆಂಬ ಪ್ರಶ್ನೆ ಎದ್ದಾಗ ಉತ್ತರ ಹುಡುಕಿದವರು, ಟ್ರಾವರ್ಸರ ಕಾಲದಲ್ಲಿ ೧೯೧೧ರಲ್ಲಿ ಈ ಸಂಸ್ಥೆಗೆ ಬಂದಿದ್ದ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು. ಇಲ್ಲಿಯೂ ಭಟ್ಟಿಯೇ. ಗಂಧದೆಣ್ಣೆ ಕುದಿಯಲು ನೀರಿಗಿಂತ ಎಷ್ಟೋ ಹೆಚ್ಚು ಉರಿ ಬೇಕು. ನೇರವಾಗಿ ಕಾಯಿಸಿದರೆ ಎಣ್ಣೆ ಕೆಡುತ್ತದೆ. ಆದರೆ ಗಂಧದ ಪುಡಿಯ ನಡುವೆ ನೀರಿನ ಹಬೆಯನ್ನು ಹಾಯಿಸಿದರೆ, ಹಬೆ ತನ್ನೊಡನೆ ಎಣ್ಣೆಯ ಆವಿಯನ್ನೂ ಸ್ವಲ್ಪ ಸ್ವಲ್ಪವಾಗಿ ಕರೆದುಕೊಂಡು ಬರುತ್ತದೆ. ತಣಿಸಿದಾಗ ನೀರು ಕೆಳಗೆ, ಎಣ್ಣೆ ಮೇಲೆ. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಸರ್ಕಾರದ ಗಂಧದೆಣ್ಣೆ ಕಾರ್ಖಾನೆಗಳು ಕೆಲಸಕ್ಕೆ ತೊಡಗಿದವು. ನಮ್ಮ ಬಚ್ಚಲುಮನೆಗಳಲ್ಲಿರುವ ಮೈಸೂರು ಸ್ಯಾಂಡಲ್ ಸೋಪಿನ ಪರಿಮಳದ ಮೂಲ ಅಲ್ಲಿದೆ.

ಟ್ರಾವರ್ಸರೂ ಸುಮ್ಮನೆ ಕುಳಿತವರಲ್ಲ. ಯುದ್ಧಕಾಲದಲ್ಲಿ ಇಂಗ್ಲೆಂಡಿಗೆ ಜರ್ಮನಿಯ ಪ್ರಯೋಗಶಾಲೆಯ ಗಾಜು ಬರುವುದು ನಿಂತಾಗ, ಗಾಜಿನ ಕಾರ್ಖಾನೆಯೊಂದನ್ನು ನಡೆಸಿ ಆ ಕೊರತೆಯನ್ನು ನೀಗಲು ದುಡಿದರು. ಆಮೇಲೆ ಕುಲುಮೆ ಮತ್ತು ಇಂಧನಗಳ ಉದ್ಯಮದಲ್ಲಿ ತೊಡಗಿದರು. ೧೯೨೭ರಲ್ಲಿ ಬ್ರಿಸ್ಟಲಿಗೆ ಮರಳಿ ಹತ್ತು ವರ್ಷ ಸಂಶೋಧನೆ ನಡೆಸಿದರು. ಎರಡನೆಯ ಮಹಾಯುದ್ಧದಲ್ಲಿ ಸ್ಫೋಟಕಗಳ ವಿಷಯದಲ್ಲಿ ಸರ್ಕಾರಕ್ಕೆ ಸಲಹೆಗಾರರಾಗಿದ್ದರು. ೧೯೨೮ರಲ್ಲಿ ಅಪೂರ್ವ ಅನಿಲಗಳು ದೊರೆತ ಕಥೆಯನ್ನು ಪುಸ್ತಕವಾಗಿ ಬರೆದರು. ಗುರುಗಳಾದ ರಾಮ್ಸೆಯವರು ೧೯೧೬ರಲ್ಲಿಯೇ ಗತಿಸಿದ್ದರು. ಅದಾಗಿ ನಲವತ್ತು ವರ್ಷ ಕಳೆದ ಮೇಲೆ, ೧೯೫೬ರಲ್ಲಿ, ತಮ್ಮ ೮೪ನೆಯ ವಯಸ್ಸಿನಲ್ಲಿ, ಟ್ರಾವರ್ಸ್ ಆ ಗುರುಗಳ ಜೀವನಚರಿತ್ರೆಯನ್ನು ಪ್ರಕಟಿಸಿದರು. ಬಹುಮಾನದಲ್ಲಿ ಪಾಲು ದೊರೆಯದ ಶಿಷ್ಯನು ಗುರುವಿನ ಹೆಸರನ್ನು ಉಳಿಸಲು ಮುಪ್ಪಿನಲ್ಲಿ ಲೇಖನಿ ಹಿಡಿದನೆಂಬುದನ್ನು ನೆನೆದರೆ ಅವರ ಮನಸ್ಸು ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ. ೧೯೬೧ರ ಆಗಸ್ಟ್ ೨೫ರಂದು ಅವರು ಕಾಲವಾದರು.

ಅವರ ವಿದ್ಯೆ ನಮಗೆ ದೂರದ್ದೆಂದು ತಿಳಿಯಬಾರದು. ಒಂದು ಕಾಲದಲ್ಲಿ ಅಂಗಡಿಬೀದಿಗಳ ಮೇಲೆ ಕೆಂಪಗೆ ಉರಿಯುತ್ತಿದ್ದ ನಿಯಾನ್ ಫಲಕಗಳು ಅವರ ಕೊಳವೆಯ ಸಂತತಿಯೇ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಗಾಳಿಯನ್ನು ದ್ರವಮಾಡಿ ಎತ್ತರವಾದ ಕಂಬದಂತಹ ಪಾತ್ರೆಯಲ್ಲಿ ಭಟ್ಟಿ ಇಳಿಸಿದರೆ ಸಾರಜನಕ ಮೇಲಕ್ಕೆ ಹೋಗುತ್ತದೆ, ಆಮ್ಲಜನಕ ತಳದಲ್ಲಿ ನಿಲ್ಲುತ್ತದೆ. ಜರ್ಮನಿಯ ಲಿಂಡೆಯವರು ೧೯೦೨ರಲ್ಲಿ ಈ ಕ್ರಮವನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಆಸ್ಪತ್ರೆಗೆ ಟ್ಯಾಂಕರಿನಲ್ಲಿ ಬರುವ ದ್ರವ ಆಮ್ಲಜನಕ ಇಂದಿಗೂ ಹೀಗೆ ಇಳಿದದ್ದೇ.

೨೦೨೧ರ ಏಪ್ರಿಲ್, ಮೇ ತಿಂಗಳುಗಳನ್ನು ನಮ್ಮಲ್ಲಿ ಯಾರು ಮರೆತಾರು? ಕೋವಿಡ್ ರೋಗದ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಮನೆಮನೆಯಲ್ಲಿಯೂ ಆಮ್ಲಜನಕದ ಮಾತೇ ಮಾತು. ಸಿಲಿಂಡರಿಗಾಗಿ ಜನ ರಾತ್ರಿ ಹಗಲು ಅಲೆದರು. ಆ ಮೇ ೧೧ರಂದು ಕರ್ನಾಟಕದ ಮೊದಲನೆಯ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲು, ೧೨೦ ಟನ್ ದ್ರವ ಆಮ್ಲಜನಕವನ್ನು ಹೊತ್ತು, ನಮ್ಮ ಕೃಷ್ಣರಾಜಪುರದ ಪಕ್ಕದ ವೈಟ್‌ಫೀಲ್ಡಿಗೆ ಬಂದು ನಿಂತಿತು. ಅದು ಹೊರಟದ್ದು ಟಾಟಾನಗರದಿಂದ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕನಸು ಕಂಡ ಅದೇ ಟಾಟಾ ಅವರ ಹೆಸರಿನ ಊರು. ಆ ಟ್ಯಾಂಕುಗಳಲ್ಲಿದ್ದದ್ದು ಗಾಳಿಯ ಭಟ್ಟಿಯ ತಳದಲ್ಲಿ ನಿಂತ ಪಾಲು. ಎಷ್ಟೋ ಮನೆಗಳ ಪಾಲಿಗೆ ಅದೇ ಪ್ರಾಣ.

ಬೇಗ ಕುದಿದು ಮೇಲೆ ಬರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ತಳದಲ್ಲಿ ಉಳಿದದ್ದನ್ನು ಚೆಲ್ಲುವ ಮೊದಲು ಒಂದು ಸಲ ನೋಡುವ ತಾಳ್ಮೆ ಕೆಲವರಿಗೆ ಮಾತ್ರ ಇರುತ್ತದೆ. ಆ ತಾಳ್ಮೆಯಿದ್ದ ಒಬ್ಬರು ನಮ್ಮ ಊರಿನಲ್ಲಿ ಎಂಟು ವರ್ಷ ಬಾಳಿ ದುಡಿದು ಹೋದರು. ಮುಂದೆ ಎಂದಾದರೂ ಆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕೂಗಿದರೆ, ಟಾಟಾ ಅವರ ಜೊತೆಗೆ ಟ್ರಾವರ್ಸರನ್ನೂ ಒಂದು ಕ್ಷಣ ನೆನೆಯೋಣ.